ಸಂದೂಕಕ್ಕೆ ಬಾಯಿಲ್ಲ

ಟಾಂಜಾನಿಯಾದ ಇಗಾವಾದಲ್ಲಿ ನಾನು ಇಳಿದೆ. ಸಂದೂಕ ಇಳಿಯಲಿಲ್ಲ.

ಬಸ್ ಹೊರಟು ಅರ್ಧ ನಿಮಿಷ ಆದ ಮೇಲೆ ನನಗೆ ಹೊಳೆಯಿತು. ಸಂಜೆ ಆರು ಗಂಟೆ, ಇನ್ನೇನು ಕತ್ತಲಾಗಬೇಕು. ಒಂದು ಕೈಯಲ್ಲಿ ಬಟ್ಟೆ ಬ್ಯಾಗು. ಇನ್ನೊಂದರಲ್ಲಿ ದಾರಿಯಲ್ಲಿ ರುವಾಹಾ ಮ್ಬುಯುನಿ ಅನ್ನುವ ಊರಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ತಗೊಂಡಿದ್ದ ಈರುಳ್ಳಿ ಚೀಲ. ಈರುಳ್ಳಿ ಜೋಪಾನವಾಗಿ ಇಳಿದಿತ್ತು. ಯಾವುದಕ್ಕೋಸ್ಕರ ಬೆಂಗಳೂರಿಂದ ಬಂದಿದ್ದೆನೋ ಅದು ಮಾತ್ರ ಬಸ್ಸಿನ ಹೊಟ್ಟೆಯಲ್ಲೇ ಕೂತು ಮುಂದಿನ ದೊಡ್ಡ ಊರು ಮ್ಬೆಯಾ ಕಡೆ ಹೋಗುತ್ತಿತ್ತು.

ನಾನು ಕಲರ್ ಸಾರ್ಟರ್ ಸರ್ವಿಸ್ ಇಂಜಿನಿಯರ್. ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್ ನೋಡಿದವರಿಗೆ ಈ ಮಷೀನು ಗೊತ್ತಿರುತ್ತದೆ. ಅಕ್ಕಿ ಮೇಲಿಂದ ಜಾರಿ ಬೀಳುತ್ತದೆ, ಕ್ಯಾಮೆರಾ ಕಪ್ಪು ಕಾಳು, ಹಳದಿ ಕಾಳು ಹಿಡಿಯುತ್ತದೆ, ಪುಟ್ಟ ವಾಲ್ವ್ ಗಾಳಿ ಊದಿ ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ವಾಲ್ವ್ ಅಂಟಿಕೊಂಡರೆ ಒಳ್ಳೆ ಅಕ್ಕಿಯೂ ಹೋಗುತ್ತದೆ, ಕೆಟ್ಟದ್ದೂ ಉಳಿಯುತ್ತದೆ. ಟಾಂಜಾನಿಯಾದ ದಕ್ಷಿಣ ಭಾಗದ ಮ್ಬರಾಲಿ ಜಿಲ್ಲೆಯಲ್ಲಿ ಉಬಾರುಕು ಅಂತ ಒಂದು ಊರಿದೆ. ಸುತ್ತಲೂ ಭತ್ತದ ಗದ್ದೆ, ಮಿಲ್ಲುಗಳು. ನೋಡಿದರೆ ಕಾರಟಗಿ ನೆನಪಾಗುತ್ತದೆ. ಅಲ್ಲಿನ ಒಂದು ಮಿಲ್ಲಲ್ಲಿ ಕೊಯ್ಲಿನ ಹೊತ್ತಿಗೇ ವಾಲ್ವ್ ಕೈಕೊಟ್ಟಿದ್ದವು. ಹೊಸ ವಾಲ್ವ್ ಇದ್ದದ್ದು ಆ ಸಂದೂಕದಲ್ಲಿ.

ಸಂದೂಕ ಅಂತ ಬೇಕಂತಲೇ ಬರೆಯುತ್ತಿದ್ದೇನೆ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲೂ ಅದು ಸಂಡುಕು. ನಮ್ಮ ಅಜ್ಜಿ ಬಾಯಲ್ಲಿ ಕೇಳಿದ್ದ ಪದ ದಾರೆಸ್ಸಲಾಮಿನ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿತ್ತು. ಗಾಡಿಗೆ ಗಾರಿ ಅಂತಾರೆ, ಅಂಗಡಿಗೆ ಡುಕಾ. ಆಟೋಗೆ ಬಜಾಜಿ. ಹೌದು, ಅದೇ ಬಜಾಜ್ ಕಂಪನಿಯ ಹೆಸರು.

ಅವತ್ತು ಏನಾಯ್ತು ಅಂತ ಮೊದಲು ಹೇಳಿಬಿಡುತ್ತೇನೆ. ಇಗಾವಾ ಸ್ಟಾಪಿನಲ್ಲಿ ಟಿಕೆಟ್ ಮಾರುವ ಹುಡುಗನೊಬ್ಬ ಇದ್ದ. ನನ್ನ ಮುಖ ನೋಡಿಯೇ ಅವನಿಗೆ ಅರ್ಥವಾಯಿತು. "ಪೋಲೆ ಕಾಕಾ" ಅಂದ, ಅಯ್ಯೋ ಪಾಪ ಅಣ್ಣ ಅಂದಹಾಗೆ. ನನ್ನ ಟಿಕೆಟ್ ಇಸ್ಕೊಂಡು ಅದರ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದ. ಎರಡು ಮೂರು ಫೋನ್ ಆದ ಮೇಲೆ ನನ್ನ ಕಡೆ ತಿರುಗಿ, ಮ್ಬೆಯಾ ಆಫೀಸಲ್ಲಿ ಇಳಿಸುತ್ತಾರೆ, ನಾಳೆ ವಾಪಸ್ ಬಸ್ಸಿಗೆ ಹಾಕುತ್ತಾರೆ, "ಸಾ ನ್ನೆ" ಹೊತ್ತಿಗೆ ಬರುತ್ತೆ ಅಂದ. ನ್ನೆ ಅಂದರೆ ನಾಲ್ಕು, ಅಷ್ಟು ಸ್ವಾಹಿಲಿ ನನಗೆ ಗೊತ್ತಿತ್ತು. ಸಂಜೆ ನಾಲ್ಕಕ್ಕೆ ತಾನೇ ಅಂತ ಗೆಸ್ಟ್ ಹೌಸಲ್ಲಿ ಹಾಯಾಗಿ ಮಲಗಿದೆ.

ಸಂದೂಕ ಬಂದದ್ದು ಬೆಳಿಗ್ಗೆ ಹತ್ತಕ್ಕೆ.

ಅಲ್ಲಿ ದಿನದ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ, ನಮ್ಮ ಹತ್ತು ಅವರಿಗೆ ನಾಲ್ಕು. ಭೂಮಧ್ಯ ರೇಖೆಗೆ ಹತ್ತಿರ ಇರುವುದರಿಂದ ವರ್ಷವಿಡೀ ಹೆಚ್ಚುಕಮ್ಮಿ ಆರಕ್ಕೇ ಬೆಳಗಾಗುತ್ತದೆ, ಹಾಗಾಗಿ ಈ ಲೆಕ್ಕ ಅಲ್ಲಿ ಕೆಡುವುದಿಲ್ಲ. ನಮ್ಮ ಪಂಚಾಂಗದಲ್ಲೂ ಗಳಿಗೆ ಎಣಿಸುವುದು ಸೂರ್ಯೋದಯದಿಂದಲೇ ಅಲ್ವಾ? ಅರ್ಥವಾಗದ ವಿಷಯ ಏನಲ್ಲ. ಗೊತ್ತಿದ್ದೂ ಮರೆಯುತ್ತೇವೆ, ಅಷ್ಟೇ. ಈಗ ನಾನು ಮುಳ್ಳಿನ ವಾಚ್ ಕಟ್ಟುತ್ತೇನೆ. ಗಂಟೆ ಮುಳ್ಳಿನ ನೇರ ಎದುರಿಗೆ ಯಾವ ಅಂಕಿ ಇದೆಯೋ ಅದೇ ಸ್ವಾಹಿಲಿ ಗಂಟೆ. ಮೆಸೇಜ್ ಕಳಿಸುವಾಗ ಎರಡೂ ಹಾಕುತ್ತೇನೆ: ಸಾ ಮ್ಬಿಲಿ ಬೆಳಿಗ್ಗೆ, ಅಂದರೆ 8.00. ಟಿಕೆಟ್ ಮೇಲೆ 12 ಅಂತ ಕಂಡರೆ ಇದು ಯಾರ ಹನ್ನೆರಡು ಅಂತ ಬಾಯಿಬಿಟ್ಟು ಕೇಳುತ್ತೇನೆ. ದೂರದೂರಿನ ಬಸ್ಸಾದರೆ ಬಹುತೇಕ ಬೆಳಿಗ್ಗೆ ಆರು.

ಹತ್ತಕ್ಕೆ ಬಂದ ಸಂದೂಕವನ್ನು ಆ ಹುಡುಗ ತನ್ನ ಕುರ್ಚಿ ಮೇಲಿಟ್ಟು, ತಾನು ನಿಂತುಕೊಂಡೇ ಟಿಕೆಟ್ ಮಾರುತ್ತಿದ್ದ. ನಾನು ಹೋದಾಗ ಮಧ್ಯಾಹ್ನ ದಾಟಿತ್ತು. ಈರುಳ್ಳಿ ಚೀಲ ಅವನಿಗೇ ಕೊಟ್ಟೆ.

ವಾಲ್ವ್ ಬದಲಿಸಲು ಮೂರು ತಾಸು ಸಾಕಾಯಿತು. ಕಂಪ್ರೆಸರಿನ ಗಾಳಿಯಲ್ಲಿ ನೀರು ಬರುತ್ತಿತ್ತು, ಫಿಲ್ಟರನ್ನು ಯಾರೂ ಖಾಲಿ ಮಾಡಿರಲಿಲ್ಲ. ಮಿಲ್ ಮಾತ್ರ ಒಂದು ದಿನ ಪೂರ್ತಿ ನಿಂತಿತ್ತು. ಅದು ನನ್ನ ತಪ್ಪೇ. ದಾರೆಸ್ಸಲಾಮಿಂದ ಇಗಾವಾಕ್ಕೆ 700 ಕಿ.ಮೀ. ಮೇಲೆ ಆಗುತ್ತದೆ. ಅಷ್ಟು ದಾರಿಯಲ್ಲಿ ನನ್ನ ಊಟ, ನನ್ನ ಕಿಟಕಿ ಸೀಟು, ನನ್ನ ಚಾರ್ಜರ್ ಬಗ್ಗೆ ಯೋಚಿಸಿದ್ದೆ. ದಾರಿ ತಪ್ಪಿದರೆ ನಾನು ಕೇಳಿಕೊಂಡಾದರೂ ಬರುತ್ತೇನೆ. ಸಂದೂಕಕ್ಕೆ ಬಾಯಿಲ್ಲ. ಅದಕ್ಕೆ ಅಲ್ಲಿಂದಾಚೆ ಪ್ಲಾನ್ ಮಾಡುವುದು ಅದರ ಪ್ರಯಾಣಕ್ಕೆ. ನಾನು ಅದರ ಜೊತೆಗೆ ಹೋಗುವವನು.

ಆರೂ ಮಗ್ಗುಲಿಗೆ ದಪ್ಪ ಮಾರ್ಕರಿನಲ್ಲಿ ಎರಡೇ ಮಾತು ಬರೆಯುತ್ತೇನೆ: ಇಳಿಯುವ ಊರು, ಅಲ್ಲಿ ನಡೆಯುವ ಫೋನ್ ನಂಬರ್. ಕಂಪನಿ ಹೆಸರು ಯಾರಿಗೂ ಬೇಕಾಗಿಲ್ಲ. ಬಸ್ಸಿಗೆ ಹಾಕಿದ ಮೇಲೆ ಅದು ಯಾವ ಬಾಗಿಲ ಹಿಂದೆ ಹೋಯಿತು ಅಂತ ಫೋಟೋ. ಕಂಡಕ್ಟರಿಗೆ ಅಲ್ಲಿ ಕೊಂಡಾ ಅಂತಾರೆ. ಕೊಂಡಾನ ನಂಬರ್ ತಗೊಂಡು ಅಲ್ಲೇ ಒಂದು ಮಿಸ್ಡ್ ಕಾಲ್ ಕೊಡುತ್ತೇನೆ. ಇಳಿಯುವ ಸ್ಟಾಪಿಗೆ ಒಂದು ಊರು ಮುಂಚೆಯೇ ಎದ್ದು ಬಾಗಿಲ ಹತ್ತಿರ ನಿಂತು "ಮ್ಜಿಗೊ, ಮ್ಜಿಗೊ" ಅಂತ ಶುರು ಹಚ್ಚುತ್ತೇನೆ. ಲಗೇಜು ಅಂತ ಅರ್ಥ. ನಾಚಿಕೆ ಎಲ್ಲ ಬಿಟ್ಟಾಗಿದೆ.

ಇನ್ನು ಏರ್‌ಪೋರ್ಟು. ಸ್ಪೇರ್ ಕೈಯಲ್ಲಿ ಒಯ್ಯುವುದಾದರೆ ಇನ್‌ವಾಯ್ಸ್ ಎರಡು ಪ್ರಿಂಟ್ ಇರಲಿ, ಕಸ್ಟಮ್ಸಿನವರು ಕೇಳಿದಾಗ ಫೋನಿನಲ್ಲಿ ಹುಡುಕುತ್ತಾ ನಿಲ್ಲಬೇಡಿ. ಟೂರಿಸ್ಟ್ ವೀಸಾದಲ್ಲಿ ಹೋಗಿ ಸ್ಪ್ಯಾನರ್ ಹಿಡಿಯಬೇಡಿ, ಆಫೀಸಿನವರು ಏನೇ ಹೇಳಲಿ. 2019ರಿಂದ ಅಲ್ಲಿ ಪ್ಲಾಸ್ಟಿಕ್ ಕೈಚೀಲ ಬಂದ್. ಅಮ್ಮ ಚಟ್ನಿಪುಡಿಯನ್ನು ಅಂಥದೇ ಕವರಿಗೆ ಹಾಕಿ ಸಂದೂಕದ ಮೂಲೆಗೆ ತುರುಕಿದ್ದಳು. ಅದನ್ನು ಬಟ್ಟೆ ಚೀಲಕ್ಕೆ ಸುರಿದು ದಾಟಿಸುವಷ್ಟರಲ್ಲಿ ವಾಲ್ವಿಗೆಲ್ಲ ಬೆಳ್ಳುಳ್ಳಿ ವಾಸನೆ.

ಬಸ್ಸಿಗೇ ಬರೋಣ, ಯಾಕೆಂದರೆ ಹೊಸ ರೈಲು ಹಿಡಿ ಅಂತ ಎಲ್ಲರೂ ಹೇಳುತ್ತಾರೆ. ರೈಲು ಚೆನ್ನಾಗಿದೆ, ಸುಳ್ಳಲ್ಲ. 2024ರಲ್ಲಿ ದಾರೆಸ್ಸಲಾಮಿಂದ ಮೊರೊಗೊರೊ, ಆಮೇಲೆ ಡೊಡೊಮಾ ತನಕ ಎಲೆಕ್ಟ್ರಿಕ್ ರೈಲು ಶುರುವಾಯಿತು, ಗಂಟೆಗೆ 160 ಕಿ.ಮೀ. ತನಕ ಓಡುತ್ತದೆ. ಡೊಡೊಮಾ ಕೆಲಸ ಇದ್ದರೆ ಕಣ್ಣುಮುಚ್ಚಿ ಅದನ್ನೇ ಹತ್ತಿ. ಆದರೆ ಮ್ಬೆಯಾ ದಾರಿಗೆ ಅದು ಹೋಗುವುದಿಲ್ಲ. ಮೊರೊಗೊರೊದಲ್ಲಿ ಇಳಿದು ಸಂದೂಕ ಹೊತ್ತು ಬಸ್ಸಿಗೆ ಕೈ ತೋರಿಸಬೇಕು, ಅಷ್ಟೊತ್ತಿಗೆ ಬಸ್ ತುಂಬಿರುತ್ತದೆ. ಮ್ಬೆಯಾ ಕಡೆಗೆ ಇರುವುದು ಹಳೆಯ ತಜಾರಾ ರೈಲು. 1970ರ ದಶಕದಲ್ಲಿ ಚೀನಾದ ನೆರವಿನಿಂದ ಜಾಂಬಿಯಾ ತನಕ ಹಾಕಿದ 1,860 ಕಿ.ಮೀ. ದಾರಿ. ಕಿಟಕಿಯಲ್ಲಿ ಜಿರಾಫೆ ಕಾಣಬಹುದು, ರಜೆಯಲ್ಲಿ ಹೋಗಿ. ಮಿಲ್ ನಿಂತಿರುವಾಗ ಬೇಡ.

ಬಸ್ ಹೊರಡುವುದು ಊರ ಹೊರಗಿನ ಮ್ಬೆಜಿಯಿಂದ. 2021ರಲ್ಲಿ ಅಲ್ಲಿ ದೊಡ್ಡ ಟರ್ಮಿನಲ್ ಆಯಿತು. ಬೆಳಿಗ್ಗೆ ಆರರ ಬಸ್ಸಿಗೆ ನಾಲ್ಕಕ್ಕೇ ಬಜಾಜಿ ಹಿಡಿಯಬೇಕು. ಹಿಂದಿನ ರಾತ್ರಿಯೇ ಟರ್ಮಿನಲ್ ಹತ್ತಿರ ರೂಮ್ ಮಾಡಿದರೆ ಇನ್ನೂ ಒಳ್ಳೆಯದು. ಎಕ್ಸೆಲ್ ನೋಡಿ ಪ್ಲಾನ್ ಹಾಕುವ ನಮ್ಮ ಸರ್ ಕೇಳುತ್ತಿದ್ದರು, 700 ಕಿ.ಮೀ.ಗೆ ಹನ್ನೆರಡು ತಾಸು ಯಾಕಪ್ಪಾ ಅಂತ. ಹೋಗಲು ಒಂದು ಸಾಲು, ಬರಲು ಒಂದು ಸಾಲು, ಜಾಂಬಿಯಾ, ಕಾಂಗೋ ಕಡೆಯ ಲಾರಿಗಳೆಲ್ಲ ಅದರಲ್ಲೇ. ಹಳ್ಳಿ ಬಂದಾಗಲೆಲ್ಲ ವೇಗ 50, ಬಿಳಿ ಯೂನಿಫಾರ್ಮಿನ ಪೊಲೀಸರು ಮರದ ಕೆಳಗೆ ಕಾಯುತ್ತಿರುತ್ತಾರೆ. ಮಿಜಾನಿ ಅಂತ ತೂಕದ ಕಟ್ಟೆಗಳು, ಬಸ್ಸೂ ಹತ್ತಿ ತೂಗಿಸಿಕೊಳ್ಳಬೇಕು. ಮಿಕುಮಿ ಕಾಡಿನ ನಡುವೆ ಹೋಗುವಾಗ ಆನೆ ಅಡ್ಡ ಬಂದರೆ ಎಲ್ಲರೂ ನಿಲ್ಲುವುದೇ. ಆಮೇಲೆ ಕಿಟೊಂಗಾ ಘಾಟಿ. ಚಾರ್ಮಾಡಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ನಡುವೆ ಬಸ್ ಬಯಲಲ್ಲಿ ನಿಂತು ಕೊಂಡಾ "ಕುಚಿಂಬಾ ದವಾ" ಅಂತ ಕೂಗುತ್ತಾನೆ. ಮಾತಿನ ಅರ್ಥ ಔಷಧಿ ಅಗೆಯಲು. ಪೊದೆ ಹಿಂದೆ ಹೋಗಿ ಬನ್ನಿ ಅಂತ! ಹೋಗುವ ಮುಂಚೆ ಲಗೇಜಿನ ಬಾಗಿಲು ಹಾಕಿದೆಯಾ ನೋಡಿಕೊಳ್ಳಿ.

2023ರ ಅಕ್ಟೋಬರಿನಿಂದ ರಾತ್ರಿ ಬಸ್ಸೂ ಮತ್ತೆ ಓಡುತ್ತಿವೆ. ಒಂದು ದಿನ ಉಳಿಯುತ್ತದೆ, ನಿಜ. ಸಂದೂಕ ಇದ್ದಾಗ ನಾನು ಹತ್ತುವುದಿಲ್ಲ. ನಾನೂ ನಿದ್ದೆ, ಕೊಂಡಾನೂ ನಿದ್ದೆ, ಅದು ಜಾಂಬಿಯಾ ಬಾರ್ಡರಿಗೇ ಹೋಗಿ ಕೂತೀತು.

ದುಡ್ಡಿನ ವಿಷಯ ಸುಲಭ. ಇಳಿದ ದಿನವೇ ಪಾಸ್‌ಪೋರ್ಟ್ ತೋರಿಸಿ ಸಿಮ್ ಮಾಡಿಸಿ, ಎಂಪೆಸಾ ಥರದ ಮೊಬೈಲ್ ದುಡ್ಡಿನ ಖಾತೆ ಒಂದು ತೆರೆಸಿ. ಬೋಡಾಬೋಡಾ ಬೈಕಿನವನಿಂದ ಹಿಡಿದು ಗೆಸ್ಟ್ ಹೌಸಿನವರೆಗೆ ಅದರಲ್ಲೇ ನಡೆಯುತ್ತದೆ. ನಮ್ಮ ಯುಪಿಐ ಥರ ಪುಕ್ಕಟೆ ಅಲ್ಲ, ಚಾರ್ಜು ಬೀಳುತ್ತದೆ. ಡಾಲರ್ ತರುವುದಾದರೆ ಹೊಸ ನೋಟು ತನ್ನಿ, ಹಳೆಯ ವರ್ಷದ್ದನ್ನು ಮುಟ್ಟುವುದಿಲ್ಲ. ಜೂನ್, ಜುಲೈಯಲ್ಲಿ ಹೋದರೆ ಸ್ವೆಟರ್ ಬೇಕೇಬೇಕು. ಆಫ್ರಿಕಾ ಅಂತ ಅರ್ಧ ತೋಳಿನ ಅಂಗಿಯಲ್ಲಿ ಮಕಂಬಾಕೊದಲ್ಲಿ ಇಳಿದು ನೋಡಿ, ಹಲ್ಲು ಕಟಕಟ ಅನ್ನುತ್ತವೆ.

ಆ ಚಳಿಯಲ್ಲಿ ಬಸ್ ಸ್ಟಾಪಿನ ಹೆಂಗಸರು ಫ್ಲಾಸ್ಕಿನಿಂದ ಬಿಸಿ ಉಜಿ ಬಗ್ಗಿಸಿ ಕೊಡುತ್ತಾರೆ. ಉಲೆಜಿ ಹಿಟ್ಟಿನದು ಕೇಳಿ. ಉಲೆಜಿ ಅಂದರೆ ರಾಗಿ. ನಮ್ಮ ಅಂಬಲಿಯೇ, ಸಕ್ಕರೆ ಹಾಕಿರುತ್ತಾರೆ ಅಷ್ಟೇ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲವೇ ಅಂತ ಆಮೇಲೆ ಓದಿ ತಿಳಿದೆ.

ಕಳೆದ ಸಲ ಹೋದಾಗ ಸ್ಪೇರ್ ಏನೂ ಇರಲಿಲ್ಲ, ಬರೀ ಒಂದು ಬ್ಯಾಗು. ಅದೇ ಬಸ್ಸು, ಅದೇ ಕೊಂಡಾ. ಇಗಾವಾ ಬರುತ್ತಲೇ ನಾನು ಕೇಳುವ ಮುಂಚೆಯೇ ಜಿಗಿದು ಲಗೇಜಿನ ಬಾಗಿಲು ತೆಗೆದ. ಒಂದೊಂದೇ ಮೂಟೆ ಸರಿಸಿ ಹುಡುಕಿದ. ಆಮೇಲೆ ಗಾಬರಿಯಿಂದ ನನ್ನ ಮುಖ ನೋಡಿದ. "ಫುಂಡಿ, ಸಂಡುಕು?" ಫುಂಡಿ ಅಂದರೆ ಮೆಕ್ಯಾನಿಕ್. ಇವತ್ತು ತಂದಿಲ್ಲ ಮಾರಾಯ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಇನ್ನೊಂದು ಕಡೆಯ ಬಾಗಿಲೂ ತೆಗೆದು ನೋಡಿದ ಮೇಲೆಯೇ ಬಸ್ ಹೊರಟಿತು.