ಲಿನಕ್ಸ್ ಲ್ಯಾಪ್‌ಟಾಪ್ ಪರದೆ ಮಿನುಗುತ್ತಿದ್ದರೆ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ

ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ಮೇಲೆ ಪರದೆ ಆಗಾಗ ಮಿನುಗುತ್ತದೆ, ಅಡ್ಡಗೆರೆ ಬಂದು ಮಾಯವಾಗುತ್ತದೆ, ಟೈಪ್ ಮಾಡಿದ ಅಕ್ಷರ ಅರೆಕ್ಷಣ ತಡವಾಗಿ ಮೂಡುತ್ತದೆ. ಹೀಗಾದಾಗ ತುಂಬಾ ಜನ ಮೊದಲು ಡ್ರೈವರ್, ಅಂದರೆ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶ, ಬದಲಿಸಲು ಹೊರಡುತ್ತಾರೆ. ದಯವಿಟ್ಟು ಬೇಡ. ಎಲ್ಲಿ ಕೆಟ್ಟಿದೆ ಅಂತ ಗೊತ್ತಿಲ್ಲದೆ ಡ್ರೈವರಿಗೆ ಕೈ ಹಾಕಿದರೆ ಒಂದಿದ್ದ ತೊಂದರೆ ಎರಡಾಗುತ್ತದೆ.

ಗೆರೆ ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು, ಆ ಚಿತ್ರವನ್ನು ಮೊಬೈಲಿನಲ್ಲಿ ತೆರೆದು ನೋಡಿ. ಚಿತ್ರದಲ್ಲೂ ಗೆರೆ ಇದ್ದರೆ ತಪ್ಪು ಚಿತ್ರ ರಚಿಸುವ ಕಡೆ ಇದೆ: ಮೆಸಾ (ಲಿನಕ್ಸಿನಲ್ಲಿ ಗ್ರಾಫಿಕ್ಸ್ ರಚಿಸುವ ಲೈಬ್ರರಿ), ಡ್ರೈವರ್ ಅಥವಾ ಆ ಒಂದು ಅಪ್ಲಿಕೇಶನ್. ಚಿತ್ರ ಸ್ವಚ್ಛವಾಗಿದ್ದರೆ ರಚನೆ ಸರಿಯಾಗಿಯೇ ಆಗಿದೆ, ಪ್ಯಾನೆಲ್‌ಗೆ, ಅಂದರೆ ಪರದೆಯ ಫಲಕಕ್ಕೆ, ತಲುಪುವ ದಾರಿಯಲ್ಲಿ ಎಡವುತ್ತಿದೆ ಅಂತ ಬಹುಪಾಲು ಹೇಳಬಹುದು. ಆಮೇಲೆ ಎಚ್‌ಡಿಎಂಐ ಕೇಬಲ್ಲಿನಿಂದ ಬೇರೆ ಮಾನಿಟರ್ ಜೋಡಿಸಿ. ಅಲ್ಲಿ ಏನೂ ಇಲ್ಲದೆ ಲ್ಯಾಪ್‌ಟಾಪ್ ಪರದೆಯಲ್ಲಿ ಮಾತ್ರ ಮಿನುಗಿದರೆ ಹುಡುಕಾಟ ಇನ್ನೂ ಚಿಕ್ಕದಾಯಿತು.

ಹಾರ್ಡ್‌ವೇರ್ ಹೌದೋ ಅಲ್ಲವೋ ತಿಳಿಯಲು ಬಯಾಸ್ ಸೆಟಪ್‌ಗೆ (ಲಿನಕ್ಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ಸ್ ಪರದೆಗೆ) ಹೋಗಿ ಐದು ನಿಮಿಷ ಹಾಗೇ ಬಿಡಿ. ಅಲ್ಲಿ ಲಿನಕ್ಸೂ ಇಲ್ಲ, ಅದರ ಡ್ರೈವರೂ ಇಲ್ಲ. ಅಲ್ಲೂ ಮಿನುಗಿದರೆ, ಅದರಲ್ಲೂ ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದಾಗ ಹೆಚ್ಚು ಕಡಿಮೆ ಆದರೆ, ಹಿಂಜ್ ಹತ್ತಿರ ಹಾದುಹೋಗುವ ಡಿಸ್‌ಪ್ಲೇ ಕೇಬಲ್ ಸವೆದಿರಬಹುದು, ಇಲ್ಲವೇ ಕನೆಕ್ಟರ್ ಸಡಿಲವಾಗಿರಬಹುದು. ಅದು ರಿಪೇರಿಯವರ ಕೆಲಸ.

ಬಯಾಸ್‌ನಲ್ಲಿ ಸ್ಥಿರ, ಬೇರೆ ಮಾನಿಟರಿನಲ್ಲಿ ಸರಿ, ಸ್ಕ್ರೀನ್‌ಶಾಟ್ ಸ್ವಚ್ಛ. ಆದರೂ ಪರದೆ ಮಿನುಗುತ್ತದೆ, ಒಳಗಿರುವುದು ಇಂಟೆಲ್ ಗ್ರಾಫಿಕ್ಸ್. ಹಾಗಿದ್ದರೆ ಮೊದಲ ಅನುಮಾನ ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಮೇಲೆ, ಅಂದರೆ ಪಿಎಸ್‌ಆರ್ ಮೇಲೆ. ಪರದೆಯ ಚಿತ್ರ ಬದಲಾಗದೇ ಇದ್ದಾಗ ಅದೇ ಫ್ರೇಮನ್ನು ಸೆಕೆಂಡಿಗೆ 60 ಸಲ ಕಳಿಸುವುದು ವಿದ್ಯುತ್ತಿಗೆ ದಂಡ. ಅದಕ್ಕೇ ಪ್ಯಾನೆಲ್ ಒಳಗೇ ಪುಟ್ಟ ಮೆಮೊರಿ ಇಟ್ಟಿರುತ್ತಾರೆ. ಪ್ಯಾನೆಲ್ ಅಲ್ಲಿಂದ ತಾನೇ ಚಿತ್ರ ತೋರಿಸಿಕೊಳ್ಳುತ್ತದೆ, ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ವಿರಮಿಸುತ್ತದೆ. ನೀವು ಒಂದು ಕೀ ಒತ್ತಿದ ಕೂಡಲೇ ಎರಡೂ ಮತ್ತೆ ಹೊಂದಿಕೊಳ್ಳಬೇಕು. ಆ ಹೊಂದಾಣಿಕೆ ತಪ್ಪಿದರೆ ಮಿನುಗು, ಹಳೆಯ ಫ್ರೇಮಿನ ಚೂರು, ತಡವಾಗಿ ಮೂಡುವ ಅಕ್ಷರ. ವಿಡಿಯೋ ಓಡುವಾಗ ಎಲ್ಲ ಸರಿಯಿದ್ದು, ಸುಮ್ಮನೆ ಓದುತ್ತಾ ಕುಳಿತಾಗ ಮಾತ್ರ ಕಾಟ ಕೊಟ್ಟರೆ ಈ ಅನುಮಾನ ಗಟ್ಟಿಯಾಗುತ್ತದೆ.

ಪಿಎಸ್‌ಆರ್ ಅನ್ನು ಒಂದೇ ಬೂಟ್‌ಗೆ ಆಫ್ ಮಾಡಿ ನೋಡಬಹುದು, ಯಾವ ಫೈಲನ್ನೂ ಮುಟ್ಟಬೇಕಿಲ್ಲ. ಗ್ರಬ್, ಅಂದರೆ ಲಿನಕ್ಸನ್ನು ಬೂಟ್ ಮಾಡುವ ಪ್ರೋಗ್ರಾಂ, ಅದರ ಮೆನು ಬಂದಾಗ (ಉಬುಂಟುವಿನಲ್ಲಿ ಕಾಣದಿದ್ದರೆ ಆನ್ ಆಗುವಾಗ ಎಸ್ಕೇಪ್ ಕೀ ಒತ್ತಿ) ಇ ಅಕ್ಷರ ಒತ್ತಿ. ಲಿನಕ್ಸ್ ಎಂಬ ಪದದಿಂದ ಶುರುವಾಗುವ ಉದ್ದನೆಯ ಸಾಲು ಹುಡುಕಿ. ಅದರ ಕೊನೆಗೆ, ಸಾಮಾನ್ಯವಾಗಿ ಕ್ವಯಟ್ ಸ್ಪ್ಲ್ಯಾಶ್ ಇರುವಲ್ಲಿ, ಒಂದು ಸ್ಪೇಸ್ ಬಿಟ್ಟು ಹೀಗೆ ಸೇರಿಸಿ: ಐ915, ಚುಕ್ಕಿ, ಎನೇಬಲ್, ಅಡಿಗೆರೆ, ಪಿಎಸ್‌ಆರ್, ಸಮ ಚಿಹ್ನೆ, ಸೊನ್ನೆ. ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ, ನಡುವೆ ಸ್ಪೇಸ್ ಇರಕೂಡದು. ಕಂಟ್ರೋಲ್ ಜೊತೆ ಎಕ್ಸ್ ಒತ್ತಿದರೆ ಬೂಟ್ ಆಗುತ್ತದೆ. ಅರ್ಧ ಗಂಟೆ ಎಂದಿನ ಕೆಲಸ ಮಾಡಿ. ಮಿನುಗು ನಿಂತರೆ, ಇಟಿಸಿ ಡೈರೆಕ್ಟರಿಯ ಡಿಫಾಲ್ಟ್ ಒಳಗಿರುವ ಗ್ರಬ್ ಫೈಲಿನಲ್ಲಿ ಕ್ವಯಟ್ ಸ್ಪ್ಲ್ಯಾಶ್ ಪಕ್ಕ, ಉದ್ಧರಣ ಚಿಹ್ನೆಯ ಒಳಗೇ, ಅದನ್ನು ಬರೆದು ಟರ್ಮಿನಲ್ಲಿನಲ್ಲಿ ಸುಡೊ (ಅಡ್ಮಿನ್ ಅಧಿಕಾರ ಕೊಡುವ ಆದೇಶ) ಜೊತೆ ಅಪ್‌ಡೇಟ್-ಗ್ರಬ್ ಓಡಿಸಿ. ಇದು ಉಬುಂಟು, ಡೆಬಿಯನ್, ಮಿಂಟ್‌ನ ದಾರಿ. ಫೆಡೊರಾದಲ್ಲಿ ಇದೇ ಕೆಲಸಕ್ಕೆ ಗ್ರಬ್ಬಿ ಎಂಬ ಆದೇಶ ಇದೆ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಕಣ್ಣಿಗೆ ನೆಮ್ಮದಿ ಸಿಗುತ್ತದೆ.

ಒಂದು ಮಾತು ಒತ್ತಿ ಹೇಳಬೇಕು. ಎಲ್ಲ ತೊಂದರೆಗೂ ಅದೇ ಬೂಟ್ ಸಾಲಿಗೆ ನೊಮೋಡ್‌ಸೆಟ್ ಎಂಬ ಪದ ಸೇರಿಸಿ ಅನ್ನುವ ಸಲಹೆಯನ್ನು ಕಾಯಂ ಮಾಡಿಕೊಳ್ಳಬೇಡಿ. ಅದು ಕರ್ನಲ್ಲಿನ (ಲಿನಕ್ಸಿನ ತಿರುಳು ಭಾಗದ) ಗ್ರಾಫಿಕ್ಸ್ ಡ್ರೈವರ್ ಕೆಲಸಕ್ಕೆ ಬರದಂತೆ ತಡೆಯುತ್ತದೆ. ಕಪ್ಪು ಪರದೆಯಿಂದ ಪಾರಾಗಿ ಡೆಸ್ಕ್‌ಟಾಪ್ ತಲುಪಲು ಒಳ್ಳೆಯದು, ಅಷ್ಟೇ. ಹಾಗೇ ಬಿಟ್ಟರೆ ಬ್ರೈಟ್‌ನೆಸ್ ಕೀಗಳು ಸತ್ತಂತೆ, ಹೊರಗಿನ ಮಾನಿಟರ್ ಬರುವುದಿಲ್ಲ, ವಿಡಿಯೋ ಎಳೆದಾಡುತ್ತದೆ. ಜಿಪಿಯು ಕೆಲಸ ಮಾಡುತ್ತಿದೆಯೇ ತಿಳಿಯಲು ಮೆಸಾ-ಯುಟಿಲ್ಸ್ ಪ್ಯಾಕೇಜ್ ಹಾಕಿ ಜಿಎಲ್‌ಎಕ್ಸ್‌ಇನ್ಫೋ ಓಡಿಸಿ. ರೆಂಡರರ್ ಸಾಲಿನಲ್ಲಿ ಎಲ್‌ಎಲ್‌ವಿಎಂಪೈಪ್ ಅಂತ ಬಂದರೆ ಜಿಪಿಯು ಸುಮ್ಮನೆ ಕುಳಿತಿದೆ, ಚಿತ್ರವನ್ನೆಲ್ಲ ಸಿಪಿಯು ಒಂದೇ ಹೊರುತ್ತಿದೆ ಎಂದರ್ಥ.

ಕರ್ನಲ್ ಅಪ್‌ಡೇಟ್ ಆದ ಮರುದಿನ ಪರದೆ ಪೂರ್ತಿ ಕಪ್ಪಾದರೆ ಕಥೆ ಬೇರೆ. ಎನ್‌ವಿಡಿಯಾ ಇರುವ ಲ್ಯಾಪ್‌ಟಾಪುಗಳಲ್ಲಿ ಹೊಸ ಕರ್ನಲ್ಲಿನ ಹೆಡರ್ಸ್ ಪ್ಯಾಕೇಜ್ (ಡ್ರೈವರ್ ಕಟ್ಟಲು ಬೇಕಾದ ಫೈಲುಗಳು) ಇಲ್ಲದೆ ಮಾಡ್ಯೂಲ್, ಅಂದರೆ ಕರ್ನಲ್ಲಿಗೆ ಸೇರುವ ಡ್ರೈವರ್ ತುಂಡು, ಕಟ್ಟಿಕೊಂಡಿರುವುದಿಲ್ಲ, ಇಲ್ಲವೇ ಸಹಿಯಿಲ್ಲದ ಮಾಡ್ಯೂಲನ್ನು ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಬಿಡುವ ಭದ್ರತಾ ವ್ಯವಸ್ಥೆ) ಒಳಗೆ ಬಿಟ್ಟಿರುವುದಿಲ್ಲ. ಗ್ರಬ್‌ನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಿಂದಿನ ಕರ್ನಲ್ ಆರಿಸಿದರೆ ಕೆಲಸ ನಿಲ್ಲುವುದಿಲ್ಲ. ನಂತರ ಡಿಕೆಎಂಎಸ್ (ಹೊಸ ಕರ್ನಲ್ಲಿಗೆ ಮಾಡ್ಯೂಲ್ ಕಟ್ಟಿಕೊಡುವ ಸಾಧನ) ಸ್ಟೇಟಸ್ ನೋಡಿ, ಹೊಸ ಕರ್ನಲ್ಲಿನ ಎದುರು ಇನ್‌ಸ್ಟಾಲ್ಡ್ ಎಂದಿದೆಯೇ ಪರೀಕ್ಷಿಸಿ. ಸೆಕ್ಯೂರ್ ಬೂಟ್ ತಡೆದಿದ್ದರೆ ಕರ್ನಲ್ ಲಾಗಿನಲ್ಲಿ ಕೀ ತಿರಸ್ಕೃತ ಎಂಬ ಸಾಲು ಸಿಗುತ್ತದೆ.

ಪಿಎಸ್‌ಆರ್ ಆಫ್ ಮಾಡಿಟ್ಟವರು ದೊಡ್ಡ ಕರ್ನಲ್ ಅಪ್‌ಡೇಟ್ ಬಂದಾಗಲೆಲ್ಲ ಗ್ರಬ್‌ನಲ್ಲಿ ಇ ಒತ್ತಿ, ಆ ಪದವನ್ನು ಅಳಿಸಿ, ಒಂದು ದಿನ ಓಡಿಸಿ ನೋಡಿ. ಇಂಥ ದೋಷಗಳಿಗೆ ಕರ್ನಲ್‌ನಲ್ಲಿ ತಿದ್ದುಪಡಿ ಬರುತ್ತಲೇ ಇರುತ್ತದೆ. ಪರದೆ ಸ್ಥಿರವಾಗಿದ್ದರೆ ಗ್ರಬ್ ಫೈಲಿನಿಂದಲೂ ಅದನ್ನು ತೆಗೆದುಬಿಡಿ.