ಕೋಪನ್‌ಹೇಗನ್‌ನಲ್ಲಿ ನಾಲ್ಕನೇ ಕ್ರಿಶ್ಚಿಯನ್‌ನ ಜಾಡು ಹಿಡಿದು

ಕೋಪನ್‌ಹೇಗನ್‌ನ ದುಂಡುಗೋಪುರ ಹತ್ತಲು ಮೆಟ್ಟಿಲು ಬೇಕಾಗುವುದು ತುದಿಯಲ್ಲಿ ಮಾತ್ರ. ಉಳಿದದ್ದೆಲ್ಲ ಇಟ್ಟಿಗೆ ಹಾಸಿದ ಇಳಿಜಾರು ದಾರಿ. ಏಳೂವರೆ ಸುತ್ತು ಸುತ್ತಿಕೊಂಡು ಮೇಲೇರುತ್ತದೆ. 1716ರಲ್ಲಿ ರಷ್ಯಾದ ದೊರೆ ಪೀಟರ್ ಕುದುರೆ ಮೇಲೆ ಕೂತೇ ಇದನ್ನು ಹತ್ತಿದನಂತೆ.

ಕಟ್ಟಿಸಿದವನು ಡೆನ್ಮಾರ್ಕ್-ನಾರ್ವೆಯ ದೊರೆ ನಾಲ್ಕನೇ ಕ್ರಿಶ್ಚಿಯನ್. 1637ರಲ್ಲಿ ಕೆಲಸ ಶುರುವಾಗಿ 1642ಕ್ಕೆ ಮುಗಿಯಿತು. ನಕ್ಷತ್ರ ನೋಡುವ ಜಾಗ, ವಿಶ್ವವಿದ್ಯಾಲಯದ ಲೈಬ್ರರಿ, ವಿದ್ಯಾರ್ಥಿಗಳಿಗೊಂದು ಚರ್ಚ್, ಮೂರನ್ನೂ ಒಟ್ಟಿಗೇ ಸೇರಿಸಿದ್ದಾನೆ. ಎಂಥ ಯೋಚನೆ ಅಲ್ವಾ!

1588ರಲ್ಲಿ ಅಪ್ಪ ತೀರಿಕೊಂಡಾಗ ಅವನಿಗೆ 10 ವರ್ಷ. ಪಟ್ಟಾಭಿಷೇಕವಾಗಿದ್ದು 1596ರಲ್ಲಿ. 1648ರಲ್ಲಿ ಸಾಯುವವರೆಗೂ ದೊರೆಯಾಗಿಯೇ ಇದ್ದ. ಹಳೆಯ ಓಸ್ಲೋ ಸುಟ್ಟುಹೋದಾಗ 1624ರಲ್ಲಿ ಹೊಸ ಊರು ಕಟ್ಟಿಸಿ, ಕ್ರಿಶ್ಚಿಯಾನಿಯಾ ಎಂದು ತನ್ನದೇ ಹೆಸರಿಟ್ಟ. ನಮ್ಮ ಪಕ್ಕದ ತಮಿಳುನಾಡಿನ ತರಂಗಂಬಾಡಿಗೆ 1620ರಲ್ಲಿ ಡೇನರು ಬಂದಿಳಿದದ್ದೂ ಇವನ ಕಾಲದಲ್ಲೇ. ಇವನು ಕಟ್ಟಿಸಿದ ವ್ಯಾಪಾರ ಕೇಂದ್ರ ಬೋರ್ಸೆನ್‌ಗೆ ನಾಲ್ಕು ಡ್ರ್ಯಾಗನ್‌ಗಳ ಬಾಲ ಹೆಣೆದ ಶಿಖರವಿತ್ತು. 2024ರ ಏಪ್ರಿಲ್ 16ರಂದು ಬೆಂಕಿಗೆ ಅದು ಕುಸಿದುಬಿತ್ತು. ಆ ಸುದ್ದಿ ನೆನೆದರೆ ಈಗಲೂ ಸಂಕಟವಾಗುತ್ತದೆ.

ನಾನು ಜಾಸ್ತಿ ಹೊತ್ತು ನಿಂತದ್ದು ರೋಸೆನ್‌ಬೋರ್ಗ್ ಅರಮನೆಯಲ್ಲಿ. ಅಲ್ಲಿ ದೊರೆಯ ರಕ್ತದ ಕಲೆಯ ಬಟ್ಟೆಗಳನ್ನು ಇಟ್ಟಿದ್ದಾರೆ. 1644ರ ಜುಲೈನಲ್ಲಿ ಸ್ವೀಡನ್ ಜೊತೆ ಸಮುದ್ರದ ಮೇಲೆ ಕಾಳಗ. ಅವನಿಗೆ ಆಗ 67. ಗುಂಡೇಟಿನಿಂದ ಚೂರುಗಳು ಸಿಡಿದು ಬಲಗಣ್ಣು ಹೋಯಿತು. ಬಿದ್ದವನು ಎದ್ದು ನಿಂತು ಮತ್ತೆ ಆಜ್ಞೆ ಕೊಟ್ಟ. ಕಲೆ ಕಂದಿದೆ, ಆದರೂ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಆದರೆ ಧೈರ್ಯವೊಂದನ್ನೇ ಹೊಗಳಿ ಬರಲು ನನಗೆ ಮನಸ್ಸಾಗಲಿಲ್ಲ. ಜರ್ಮನಿಯ ಯುದ್ಧಕ್ಕೆ ತಾನಾಗಿಯೇ ಇಳಿದು 1626ರಲ್ಲಿ ಲುಟರ್‌ನಲ್ಲಿ ಸೋತ. 1645ರ ಒಪ್ಪಂದದಲ್ಲಿ ಗಾಟ್‌ಲ್ಯಾಂಡ್ ದ್ವೀಪ ಸ್ವೀಡನ್ ಪಾಲಾಯಿತು. ಮಾಟಗಾತಿಯರೆಂದು ಹೆಂಗಸರನ್ನು ಸುಡಲು ದಾರಿಮಾಡಿದ 1617ರ ಕಟ್ಟಳೆಯೂ ಅವನದೇ. ಆ ಹೆಂಗಸರ ಕಥೆಯನ್ನೂ ಅರಮನೆಯ ಕಥೆಯ ಜೊತೆಗೇ ಹೇಳಬೇಕು.

ಕೊನೆಗೆ ರೈಲು ಹಿಡಿದು ರೋಸ್ಕಿಲ್ಡೆಗೆ ಹೋದೆ. ಅಲ್ಲಿನ ಕ್ಯಾಥೆಡ್ರಲ್‌ನಲ್ಲಿ ಅವನ ಸಮಾಧಿಯಿದೆ. ತನಗಾಗಿ ಅಲ್ಲೊಂದು ಚಾಪೆಲ್ ಕಟ್ಟಿಸಿಕೊಂಡಿದ್ದ. ಆದರೆ ಯುದ್ಧಗಳಿಂದ ಖಜಾನೆ ಬರಿದಾಗಿತ್ತು. ಒಳಗಿನ ಅಲಂಕಾರಕ್ಕೆ ದುಡ್ಡಿರಲಿಲ್ಲ. ಈಗ ಕಾಣುವ ಗೋಡೆಚಿತ್ರಗಳು 19ನೇ ಶತಮಾನದವು. ಇಷ್ಟೆಲ್ಲ ಕಟ್ಟಿಸಿದವನ ಗೋಡೆಗಳು ಸುಮಾರು 200 ವರ್ಷ ಹಾಗೇ ಬೋಳಾಗಿದ್ದವು.