ಮೂಡುಬಿದಿರೆಯಿಂದ ಬೆಳಗೊಳಕ್ಕೆ, ಚೀಲದಲ್ಲಿ ಸಮಯಸಾರ

ಮೂಡುಬಿದಿರೆಗೆ ಬರುವವರು ಹೆಚ್ಚಾಗಿ ಸಾವಿರ ಕಂಬದ ಬಸದಿ ನೋಡಿ, ಫೋಟೋ ತೆಗೆದು, ಕಾರ್ಕಳದ ಕಡೆ ಗಾಡಿ ತಿರುಗಿಸುತ್ತಾರೆ. ನಾನು ಹೋಗಿದ್ದು ಪುಸ್ತಕಗಳ ಸಲುವಾಗಿ. ಜೈನರ ಅನುಭಾವದ ಬರಹಗಳನ್ನು, ಅಂದರೆ ಕುಂದಕುಂದರ ಸಮಯಸಾರ, ಯೋಗೀಂದುವಿನ ಪರಮಾತ್ಮಪ್ರಕಾಶ, ನಮ್ಮ ರತ್ನಾಕರವರ್ಣಿಯ ಭರತೇಶ ವೈಭವ, ಇವನ್ನೆಲ್ಲ ಅನುವಾದದಲ್ಲೋ ಟೀಕೆಯ, ಅಂದರೆ ವ್ಯಾಖ್ಯಾನದ, ಜೊತೆಗೋ ಓದುತ್ತಾ ಬಂದವನಿಗೆ ಇವು ಉಳಿದು ಬಂದ ಊರುಗಳನ್ನು ನೋಡಬೇಕು ಅನ್ನಿಸಿತ್ತು.

ಮಂಗಳೂರಿನಿಂದ ಬಸ್ಸು. ಸುಮಾರು ಒಂದು ಗಂಟೆಯ ದಾರಿ. ಇಳಿದು ಮೊದಲು ಹೋಗಿದ್ದು ಗುರು ಬಸದಿಗೆ. ಸಿದ್ಧಾಂತ ಬಸದಿ ಎಂದೂ ಕರೆಯುತ್ತಾರೆ. ದಿಗಂಬರ ಜೈನರ ಹಳೆಯ ಆಗಮಗ್ರಂಥವಾದ ಷಟ್ಖಂಡಾಗಮಕ್ಕೆ ವೀರಸೇನರು ಬರೆದ ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಇದ್ದದ್ದು ಇಲ್ಲೇ. ಭಾಷೆ ಪ್ರಾಕೃತ, ಸಂಸ್ಕೃತ; ಲಿಪಿ ಮಾತ್ರ ಹಳಗನ್ನಡದ್ದು. ಒಂದು ಕಾಲದಲ್ಲಿ ಇವು ಶ್ರವಣಬೆಳಗೊಳದಿಂದ ಇಲ್ಲಿಗೆ ಬಂದವು ಎನ್ನುತ್ತಾರೆ. ಧವಲಾ ನೇರವಾಗಿ ಅನುಭಾವದ ಗ್ರಂಥ ಅಲ್ಲ, ಅದು ಕರ್ಮಸಿದ್ಧಾಂತದ ಬಿಗಿಯಾದ ಲೆಕ್ಕಾಚಾರ. ಆದರೆ ಅದರ ಕಥೆ ಗೊತ್ತಿಲ್ಲದೆ ಉಳಿದ ಪುಸ್ತಕಗಳು ನಮ್ಮ ಕೈಗೆ ಹೇಗೆ ಬಂದವು ಅನ್ನೋದು ಅರ್ಥವಾಗುವುದಿಲ್ಲ. ಎಷ್ಟೋ ತಲೆಮಾರು ಯಾತ್ರಿಕರು ಬಂದು ಈ ಗರಿಗಳಿಗೆ ಕೈಮುಗಿದು ಹೋದರು. ಓದಿದವರು ತೀರಾ ಕಡಿಮೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಯಿತು. ನಕಲು ಮಾಡುತ್ತಿದ್ದವರಲ್ಲಿ ಒಬ್ಬರಾದ ಗಜಪತಿ ಶಾಸ್ತ್ರಿಗಳು, ಅವರ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಗುಟ್ಟಾಗಿ ಇನ್ನೊಂದು ಪ್ರತಿ ಇಳಿಸಿಕೊಂಡರಂತೆ. ಅದರಿಂದಲೇ ಗ್ರಂಥ ಊರಾಚೆ ಹೋಯಿತು. ಆಮೇಲೆ ಹೀರಾಲಾಲ್ ಜೈನ್ ಅವರು 1939ರಿಂದ 1959ರವರೆಗೆ ಹಿಂದಿ ಅನುವಾದದೊಂದಿಗೆ 16 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಗುಟ್ಟಾಗಿ ನಕಲು ಮಾಡಿದ್ದು ಸರಿಯೇ ಎಂದು ಕೇಳಿದರೆ, ಸರಿ ಎಂದೇ ಹೇಳುತ್ತೇನೆ. ಓದಲೆಂದು ಬರೆದದ್ದು ಅಲ್ವಾ ಅದು!

ಅಲ್ಲಿಂದ ಸಾವಿರ ಕಂಬದ ಬಸದಿಗೆ ನಡೆದೆ. 1430ರ ಕಟ್ಟಡ, ಮೂರು ಅಂತಸ್ತು. ಮಧ್ಯಾಹ್ನ ಜನ ಇರಲಿಲ್ಲ. ಇಂದ್ರರು (ಬಸದಿಯ ಪುರೋಹಿತರು) ಪೂಜೆ ಮುಗಿಸಿ ಒಳಗೆ ಏನೋ ಜೋಡಿಸುತ್ತಿದ್ದರು. ಕಂಬಕ್ಕೆ ಒರಗಿ ಯೋಗೀಂದುವಿನ ಪರಮಾತ್ಮಪ್ರಕಾಶದಿಂದ ಒಂದು ದೋಹೆ, ಅಂದರೆ ಎರಡು ಸಾಲಿನ ಪದ್ಯ, ತೆಗೆದೆ: ದೇವರು ದೇಗುಲದಲ್ಲಿಲ್ಲ, ಕಲ್ಲಿನಲ್ಲಿಲ್ಲ, ಗಾರೆಯಲ್ಲಿಲ್ಲ, ಚಿತ್ರದಲ್ಲಿಲ್ಲ, ಆ ಅಕ್ಷಯ ನಿರಂಜನ ಇರುವುದು ಸಮಚಿತ್ತದಲ್ಲಿ. ಇದನ್ನು ಇಂಥ ಬಸದಿಯ ಒಳಗೇ ಕುಳಿತು ಓದಿದಾಗ ಒಂದು ಸಂಗತಿ ಹೊಳೆಯಿತು. ಈ ಮಾತನ್ನು ಅಳಿಸದೆ, ಮುಚ್ಚಿಡದೆ, ಗರಿಯಿಂದ ಗರಿಗೆ ಇಳಿಸಿದವರು ಬಸದಿಯ ಆಶ್ರಯದಲ್ಲಿದ್ದವರೇ. ತಮ್ಮ ಕಲ್ಲುಗಳನ್ನೇ ಪ್ರಶ್ನಿಸುವ ಕವಿಯನ್ನು ಪ್ರೀತಿಯಿಂದ ಕಾಪಾಡಿಕೊಂಡರು. ಪ್ರಾಕೃತದ ಮುಂದಿನ ರೂಪವಾದ ಅಪಭ್ರಂಶ ಭಾಷೆಯ ಈ ಕೃತಿಗೆ ಬಾಲಚಂದ್ರನ ಕನ್ನಡ ಟೀಕೆ ಇದೆ. ಬೆಳಗಾವಿ ಜಿಲ್ಲೆಯ ಸದಲಗಾದ ಆ. ನೇ. ಉಪಾಧ್ಯೆಯವರು 1937ರಲ್ಲಿ ಇದನ್ನು ಸಂಪಾದಿಸಿದಾಗ ಕನ್ನಡ ಲಿಪಿಯ ಪ್ರತಿಗಳನ್ನೂ ಬಳಸಿದರು. ಕೊಲ್ಲಾಪುರದಲ್ಲಿ ಪಾಠ ಹೇಳುತ್ತಾ ಇಷ್ಟೊಂದು ಕೆಲಸ ಮಾಡಿದ ಮನುಷ್ಯನ ಹೆಸರು ನಮ್ಮಲ್ಲಿ ಇನ್ನೂ ಜಾಸ್ತಿ ಕೇಳಬೇಕಿತ್ತು.

ಸಂಜೆ ಸುಮ್ನೆ ಬೀದಿ ಸುತ್ತಿದೆ. ಅಂಗಡಿಯ ಮುಂದೆ ಇಬ್ಬರು ತುಳುವಿನಲ್ಲಿ ಜೋರಾಗಿ ಮಾತಾಡುತ್ತಿದ್ದರು, ರತ್ನಾಕರ ನೆನಪಾದ. ಇದೇ ಊರಿನವನು. ಹದಿನಾರನೇ ಶತಮಾನದಲ್ಲಿ ಹಾಡಿಕೊಳ್ಳುವ ಸಾಂಗತ್ಯದಲ್ಲಿ ಕಾವ್ಯ ಬರೆದು, ಶುರುವಿನಲ್ಲೇ ಕನ್ನಡಿಗರು, ತೆಲುಗರು, ತುಳುವರು ತಂತಮ್ಮ ಮಾತಿನಲ್ಲಿ ಭೇಷ್ ಅನ್ನಬೇಕು ಎಂದು ಆಸೆಪಟ್ಟವನು. ತುಳುವರು 'ಎಂಚ ಪೊರ್ಲಾಂಡ್' ಅಂತ ಮೈಯುಬ್ಬಿ ಕೇಳಬೇಕಂತೆ! ಅವನ ಭರತ ಚಕ್ರವರ್ತಿ ಅರಮನೆ, ರಾಣಿಯರು, ಊಟ, ಸಂಗೀತ ಎಲ್ಲದರ ನಡುವೆ ಇದ್ದುಕೊಂಡೇ ಕಣ್ಣುಮುಚ್ಚಿ ತನ್ನ ಆತ್ಮವನ್ನು ಕಾಣುತ್ತಾನೆ. ನನ್ನ ಮಟ್ಟಿಗೆ ಜೈನ ಅನುಭಾವಕ್ಕೆ ಇದಕ್ಕಿಂತ ಹತ್ತಿರದ ಬಾಗಿಲಿಲ್ಲ. ಟಿಪ್ಪಣಿ ಇದ್ದರೆ ಇಂದಿನ ಕನ್ನಡಿಗರಿಗೂ ಅರ್ಧಕ್ಕರ್ಧ ನೇರವಾಗಿಯೇ ಸಿಗುತ್ತದೆ.

ಘಟ್ಟ ಹತ್ತುವ ಪ್ರಯಾಣದ ಬಗ್ಗೆ ಹೇಳುವುದೇನಿಲ್ಲ, ಮಳೆ, ಲಾರಿ, ತೂಕಡಿಕೆ.

ಶ್ರವಣಬೆಳಗೊಳದಲ್ಲಿ ಪ್ರಾಕೃತ ಅಧ್ಯಯನ ಸಂಸ್ಥೆ ಇದೆ. ಧವಲಾದ ಸಂಪುಟಗಳನ್ನು ಕನ್ನಡಕ್ಕೆ ತರುವ ಕೆಲಸ ನಡೆದದ್ದು ಇಲ್ಲಿ, 2023ರಲ್ಲಿ ತೀರಿಕೊಂಡ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರ ಕಾಲದಲ್ಲಿ. ಕನ್ನಡ ಲಿಪಿಯಲ್ಲಿ ಉಳಿದ ಗ್ರಂಥ ಮೊದಲು ಹಿಂದಿಯಲ್ಲಿ ಬಂದು, ಎಷ್ಟೋ ವರ್ಷದ ಮೇಲೆ ಕನ್ನಡಕ್ಕೆ ಬಂತು. ತಡವಾಯಿತು, ಆದರೂ ಬಂತಲ್ಲ ಎಂಬ ಖುಷಿ ದೊಡ್ಡದು.

ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ದೊಡ್ಡ ಬೆಟ್ಟ ಹತ್ತಿದೆ. ಗೊಮ್ಮಟನ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಹುಡುಕಿಕೊಂಡು ಹೋದದ್ದು ಪಕ್ಕದ ಸಿದ್ಧರ ಬಸದಿಯ ಕಂಬವನ್ನು. 1398ರ ಶಾಸನ. ಕುಂದಕುಂದರು ನೆಲದಿಂದ ನಾಲ್ಕು ಬೆರಳು ಮೇಲೆ ನಡೆಯುತ್ತಿದ್ದರು, ಒಳಗೂ ಹೊರಗೂ ತಮಗೆ ಧೂಳು ಅಂಟಿಲ್ಲ ಎಂದು ತೋರಿಸಲು, ಎನ್ನುತ್ತದೆ ಅದರಲ್ಲಿನ ಪದ್ಯ. ಅಕ್ಷರ ಸಣ್ಣದು, ನನಗೆ ಪೂರ್ತಿ ಓದಲು ಆಗಲಿಲ್ಲ. ಆದರೆ ಅದೇ ಕುಂದಕುಂದರು ಸಮಯಸಾರದ ಎಂಟನೇ ಗಾಹೆಯಲ್ಲಿ (ಪ್ರಾಕೃತ ಪದ್ಯದಲ್ಲಿ) ಪೂರಾ ನೆಲದ ಮೇಲಿನ ಮಾತು ಆಡುತ್ತಾರೆ: ಅನಾರ್ಯನಿಗೆ ಅವನ ಭಾಷೆಯಲ್ಲಲ್ಲದೆ ಏನನ್ನೂ ತಿಳಿಸಲಾಗದು, ಹಾಗೇ ವ್ಯವಹಾರದ, ಅಂದರೆ ದಿನಬಳಕೆಯ, ಮಾತಿಲ್ಲದೆ ಪರಮಾರ್ಥವನ್ನು ಬೋಧಿಸಲಾಗದು. ಎ. ಚಕ್ರವರ್ತಿಯವರು 1950ರಲ್ಲಿ ಇದನ್ನು ಇಂಗ್ಲಿಷಿಗೆ ತಂದರು. ಮೂಲ ಬಿಟ್ಟು ಅನುವಾದ ಓದಿದರೆ ಪ್ರಯೋಜನವೇನು ಎಂದು ಕೇಳುವವರಿಗೆ ಗ್ರಂಥಕರ್ತರೇ ಉತ್ತರ ಕೊಟ್ಟಿದ್ದಾರೆ.

ನೀವು ಹೋದರೆ ಗೊಮ್ಮಟನನ್ನು ನೋಡಿ ಹಾಗೇ ಇಳಿದುಬಿಡಬೇಡಿ, ಸಿದ್ಧರ ಬಸದಿ ಎಲ್ಲಿ ಎಂದು ಕೇಳಿ. ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿರುತ್ತೀರಿ, ಇನ್ನೊಂದು ಹತ್ತು ನಿಮಿಷ ಅಷ್ಟೇ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಎರಡನೇ ಸಂಪುಟದಲ್ಲಿ ಬೆಳಗೊಳದ ಶಾಸನಗಳಿವೆ, ಆ ಪದ್ಯವನ್ನು ಮೊದಲೇ ಬರೆದಿಟ್ಟುಕೊಂಡು ಹೋದರೆ ಕಂಬದ ಮೇಲೆ ಗುರುತಿಸುವುದು ಸುಲಭ.